ಬದಲಿ ಬಿಲ್ಲೆಯ ಶುಕ್ರವಾರ

ಸಲೋಮಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಬಿದಿರು ತಟ್ಟಿ. ಎರಡೂ ಕಡೆ ಮಣ್ಣು ಮೆತ್ತಿದ್ದರೂ ಅದು ಮಾತನ್ನು ತಡೆಯುತ್ತಿರಲಿಲ್ಲ. ಅವಳು ಒಗ್ಗರಣೆ ಹಾಕಿದರೆ ನನಗೆ ಸೀನು. ನಾನು ಗಂಡನ ಮೇಲೆ ರೇಗಿದರೆ ಆ ಕಡೆಯಿಂದ ಅವಳ ದನಿ: "ಸಾಕು ಬಿಡೇ ಗಂಗಿ, ಉಣ್ಣೋ ಒತ್ತಲ್ಲಿ ಯಾಕೆ?"

ಗಂಗಿ ಅಂದರೆ ನಾನು, ಮುನಿಗಂಗಮ್ಮ. ಕೋರಮಂಡಲ್ ಕಡೆಯ ಚಿನ್ನದ ಗಣಿಯ ಲೈನಿನಲ್ಲಿ, ಅಂದರೆ ಆಳುಗಳ ಮನೆಸಾಲಿನಲ್ಲಿ, ನಮ್ಮದು ಗಂಗಮ್ಮನಿಗೆ ನಡೆದುಕೊಳ್ಳುವ ಮನೆ, ಅವರದು ಯೇಸುವಿನ ಮನೆ. ನನ್ನ ಗಂಡ ಅಶ್ವತ್ಥಪ್ಪ, ಅವಳ ಗಂಡ ದೇವದಾನಂ. ಇಬ್ಬರೂ ಗಣಿಯೊಳಗೆ ಮರ ಕಟ್ಟುವವರು. ಬಂಡೆ ಕುಸಿಯದ ಹಾಗೆ ಮೋಪಿನ ಕಂಬ ಕೊಟ್ಟು, ಅಡ್ಡ ತೊಲೆ ಬಿಗಿದು ಬರುವ ಕೆಲಸ.

ಸಲೋಮಕ್ಕ ಹುಟ್ಟಿದ್ದೂ ಲೈನಿನಲ್ಲೇ. ಅವಳ ಅಪ್ಪನೂ ಗಣಿಗೆ ಇಳಿಯುತ್ತಿದ್ದವನು. ಇವಳು ಪಾವಡೆ ಹಾಕುವ ವಯಸ್ಸಿನಲ್ಲೇ ಅವನ ಮೇಲೆ ಕಲ್ಲು ಬಿತ್ತು. ತಾಯಿ ಬಂಗಾರಪೇಟೆಯ ತವರಿಗೆ ಹೋಗಿ, ಮಿಷನ್ನಿನವರ ಮನೆಗಳಲ್ಲಿ ಪಾತ್ರೆ ತಿಕ್ಕಿ ಮಗಳನ್ನು ಬೆಳೆಸಿದಳು. ಅಷ್ಟೆಲ್ಲ ಆದಮೇಲೂ ಮಗಳನ್ನು ಮತ್ತೆ ಗಣಿಯವನಿಗೇ ಕೊಟ್ಟರು. ಮದುವೆಯ ದಿನ ತಾಯಿ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳಂತೆ. ಆಮೇಲೆ ಸಲೋಮಕ್ಕನಿಗೆ ಹುಟ್ಟಿದ ಚೊಚ್ಚಲ ಕೂಸು ಹಲ್ಲು ಬರುವ ಮುಂಚೆ ಹೋಯಿತು. ಇದನ್ನೆಲ್ಲ ಅವಳೇ ಕೊಳಾಯಿ ಸಾಲಿನಲ್ಲಿ ಬಿಂದಿಗೆ ಇಟ್ಟುಕೊಂಡು ನಿಂತಾಗ, ಅಕ್ಕಿ ಆರಿಸುವಾಗ, ಚೂರು ಚೂರಾಗಿ ಹೇಳಿದ್ದು. ನಾನು ಕೇಳಿಸಿಕೊಳ್ಳುವವಳು, ಅವಳು ಹೇಳುವವಳು, ಹಾಗಾಗಿ ಜೊತೆ ಚೆನ್ನಾಗಿತ್ತು.

ಅವಳದು ಒಂದು ಅಭ್ಯಾಸ. ಗಂಡ ಶಿಫ್ಟಿಗೆ ಹೊರಡುವಾಗ ಬಾಗಿಲಿಗೆ ಬಂದು, ಸೆರಗು ತಲೆ ಮೇಲೆ ಎಳೆದುಕೊಂಡು, "ಜೊತೆಗೆ ಓಗು ಸಾಮಿ" ಅನ್ನುವಳು. ಅಷ್ಟೇ. ಅದು ಗಂಡನಿಗೆ ಹೇಳಿದ್ದಲ್ಲ, ದೇವರಿಗೆ. ನಾನು ತಟ್ಟಿಯ ಈ ಕಡೆಯಿಂದ ವರ್ಷಗಟ್ಟಲೆ ಕೇಳಿದ್ದೇನೆ. "ಸುಖವಾಗಿ ಕರಕೊಂಡು ಬಾ" ಅಂತ ಒಂದು ದಿನವೂ ಅನ್ನಲಿಲ್ಲ. ನಾನಾದರೆ ಗಂಗಮ್ಮನನ್ನು ಬರೀ ಅದನ್ನೇ ಕೇಳುತ್ತಿದ್ದೆ, ತಂಬಿಟ್ಟಿನ ಆಸೆಯನ್ನೂ ತೋರಿಸುತ್ತಿದ್ದೆ.

"ಅದೇನಕ್ಕಾ, ವಾಪಸ್ ಕರಕೊಂಡು ಬಾ ಅಂತ ಕೇಳಬಾರದಾ ನಿಮ್ಮಲ್ಲಿ?" ಅಂದೆ ಒಂದು ಸಲ.

"ಕೇಳ್ಬೌದು. ನಮ್ಮಮ್ಮ ಅದನ್ನೇ ಕೇಳ್ತಿದ್ಲು."

ಅಂದವಳೇ ಮೊರ ಎತ್ತಿಕೊಂಡು ಒಳಗೆ ಹೋದಳು.

ಗಣಿಯಲ್ಲಿ ಬಿಲ್ಲೆ ಅಂತ ಒಂದಿತ್ತು. ಪ್ರತಿ ಆಳಿಗೂ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ. ಇಳಿಯುವಾಗ ಕಿಟಕಿಯಲ್ಲಿ ಈಸಿಕೊಂಡು ಹೋಗಬೇಕು, ಹತ್ತಿ ಬಂದಮೇಲೆ ಅಲ್ಲೇ ಕೊಡಬೇಕು. ವಾಪಸು ಬಾರದ ಬಿಲ್ಲೆಯ ಆಳು ಇನ್ನೂ ಒಳಗಿದ್ದಾನೆ ಅಂತ ಲೆಕ್ಕ. ಕಿಟಕಿಯವನು ನಂಬರ್ ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಹಾಗಾಗಿ ತನ್ನ ಶಿಫ್ಟು ಇಲ್ಲದ ಹೊತ್ತಲ್ಲಿ ಇನ್ನೊಬ್ಬನ ಬಿಲ್ಲೆ ಹಿಡಿದು ಇಳಿಯುವ ಬದಲಿ ಲೈನಿನಲ್ಲಿ ನಡೆದೇ ಇತ್ತು. ನಮಗೆ ಹಿರಿಯರ ಹಬ್ಬ ಬಂದರೆ ದೇವದಾನಂ ಅಣ್ಣ ನಮ್ಮವರ ಬಿಲ್ಲೆ ಹಿಡಿದು ಇಳಿಯುತ್ತಿದ್ದ, ನಾವು ಊರಿಗೆ ಹೋಗಿ ಎಡೆ ಇಟ್ಟು ಬರುತ್ತಿದ್ದೆವು. ಅವರ ಶುಭ ಶುಕ್ರವಾರಕ್ಕೆ ನಮ್ಮವರು ಅವನ ಬಿಲ್ಲೆ ಹಿಡಿಯುತ್ತಿದ್ದರು. ಗಣಿಗೆ ಆ ದಿನ ರಜೆಯಾದರೂ ಪಂಪಿನವರಿಗೆ, ಮರದವರಿಗೆ ರಜೆ ಇರುತ್ತಿರಲಿಲ್ಲ. ದೇವದಾನಂ ಅಣ್ಣ ಚರ್ಚಿನಲ್ಲಿ ಹಾಡು ಎತ್ತಿಕೊಡುವವನು, ಆ ಒಂದು ದಿನ ಅವನು ಇಲ್ಲದೆ ಆಗುತ್ತಿರಲಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಲೈನಿನ ಮನೆಯೂ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಸಿಕ್ಕಿಬಿದ್ದವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಗಣಿ ಸರ್ಕಾರದ ಕೈಗೆ ಬಂದು ಒಂದೆರಡು ವರ್ಷ ಆಗಿತ್ತು. ಆ ಶುಭ ಶುಕ್ರವಾರದ ಬೆಳಿಗ್ಗೆ ನಮ್ಮವರು ಮುದ್ದೆ ಉಂಡು ಹೊರಟರು. ಸಲೋಮಕ್ಕ ಬಿಳಿ ಸೀರೆ ಉಟ್ಟು ಚರ್ಚಿಗೆ ಹೊರಟಿದ್ದವಳು ನಮ್ಮ ಬಾಗಿಲಿಗೇ ಬಂದು, ಸೆರಗು ಎಳೆದುಕೊಂಡು, "ಜೊತೆಗೆ ಓಗು ಸಾಮಿ" ಅಂದಳು.

"ಬಿಲ್ಲೆ ನಂಬರ್ ಯೋಳಿಬಿಡಕ್ಕಾ ನಿಮ್ ದೇವ್ರಿಗೆ" ಅಂದರು ನಮ್ಮವರು. "ಇಲ್ದಿದ್ರೆ ಅವನು ದೇವದಾನಂ ಇಂದೇನೇ ಚರ್ಚಿಗೆ ಓಗಿಬಿಡ್ತಾನೆ, ನಾನು ಒಬ್ನೇ ಇಳೀಬೇಕಾಯ್ತದೆ."

"ಓಗ್ಲಾ ಓಗು, ಬಾಯಿಬಡುಕ" ಅಂದಳು ಸಲೋಮಕ್ಕ ನಗುತ್ತಾ. ದೇವದಾನಂ ಅಣ್ಣ ಒಳಗಿನಿಂದ, "ಲೇ ಅಶ್ವತ್ಥ, ಬಲಗಡೆ ತೊಲೆ ನಿನ್ನೆ ಬಿಗಿದಿದೀನಿ, ಅದ್ರ ಕೆಳಗೇ ಕೂತು ಕೆಲ್ಸ ನೋಡ್ಕೊ" ಅಂತ ಕೂಗಿ ಹೇಳಿದ.

ಬಿಸಿಲು ನೆತ್ತಿಗೆ ಬಂದಿತ್ತು. ನಾನು ಒರಳ ಮುಂದೆ ಕೂತಿದ್ದೆ. ಮೊದಲು ಒರಳು ಅಲುಗಿತು. ಆಮೇಲೆ ಅಟ್ಟದ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಕಿ ಕೆಳಗೆ ಉರುಳಿದವು. ಏರ್‌ಬ್ಲಾಸ್ಟು. ಕೆಳಗೆ, ಎಷ್ಟೋ ಆಳದಲ್ಲಿ, ಬಂಡೆ ಒತ್ತಡ ತಾಳದೆ ಸಿಡಿದರೆ ಮೇಲೆ ನಮ್ಮ ಮನೆಗಳೆಲ್ಲ ಹಾಗೆ ನಡುಗುತ್ತವೆ. ಲೈನಿನ ಹೆಂಗಸರು ಆಗ ಕಿರುಚುವುದಿಲ್ಲ. ಎಲ್ಲರೂ ಹೊರಗೆ ಬಂದು ಶಾಫ್ಟಿನ, ಅಂದರೆ ಆಳುಗಳು ಇಳಿಯುವ ಬಾವಿಯ, ಮೇಲಿನ ರಾಟೆ ನೋಡುತ್ತಾರೆ. ಅದು ತಿರುಗುತ್ತಿದ್ದರೆ ಆಳುಗಳು ಹತ್ತಿ ಬರುತ್ತಿದ್ದಾರೆ ಅಂತ ಅರ್ಥ. ಆವತ್ತು ರಾಟೆ ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಾವು ಉಸಿರು ಬಿಟ್ಟೆವು.

ಅಷ್ಟರಲ್ಲಿ ಟೈಮಾಫೀಸಿನ ಜವಾನ ಸೈಕಲ್ಲಿನಲ್ಲಿ ಬಂದ.

"ದೇವದಾನಂ ಎಂಡ್ತಿ ಯಾರಮ್ಮಾ?"

"ಚರ್ಚಿಗೆ ಓಗವ್ಳೆ, ಯಾಕಪ್ಪಾ?" ಅಂದಳು ಪಕ್ಕದ ಮನೆಯ ಮುದುಕಿ.

"ಮಿಕ್ಕೋರೆಲ್ಲ ಅತ್ತಿ ಬಂದ್ರು. ಅವನೊಬ್ಬ ಬಂಡೆ ಆ ಕಡೆ ಸಿಕ್ಕೊಂಡವ್ನೆ."

ನಾನು ಗೋಡೆ ಹಿಡಿದುಕೊಂಡೆ. ಜವಾನ ನನ್ನನ್ನು ನೋಡಿ ಕನಿಕರದಿಂದ, "ನೀನ್ಯಾಕಮ್ಮಾ ಇಂಗೆ ನಡುಗ್ತೀಯ? ನಿನ್ ಗಂಡ ಅಲ್ಲ ಬಿಡು" ಅಂದ.

ಕೆಳಗಿದ್ದದ್ದು ನನ್ನ ಗಂಡನೇ. ಹೇಳಿದರೆ ಎರಡು ಮನೆಯ ಅನ್ನ ಹೋಗುತ್ತದೆ. ಹೇಳದಿದ್ದರೆ ನಾನು ಅಳುವ ಹಾಗೂ ಇಲ್ಲ. ಬರಿಗಾಲಲ್ಲಿ ಚರ್ಚಿಗೆ ಓಡಿದೆ.

ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಓದಿ, ನಡುನಡುವೆ ಹಾಡುತ್ತಿದ್ದರು. ನೆಲ ನಡುಗಿದರೂ ಆರಾಧನೆ ನಿಲ್ಲಿಸಿರಲಿಲ್ಲ. ದೇವದಾನಂ ಅಣ್ಣನ ದನಿ ಎಲ್ಲರ ದನಿಯ ಮೇಲೆ ಕೇಳುತ್ತಿತ್ತು. ಇಲ್ಲಿ ಹಾಡುತ್ತಿರುವವನು ಅಲ್ಲಿರಬೇಕಿತ್ತು ಅನ್ನಿಸಿತು. ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ.

ಬಾಗಿಲಲ್ಲಿ ನನ್ನ ಮುಖ ಕಂಡದ್ದೇ ಸಲೋಮಕ್ಕ ಎದ್ದು ಬಂದಳು. ಏನಾಯಿತು ಅಂತ ಕೇಳಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಂದೆಯೇ ಹಾಡು ಬಿಟ್ಟು ದೇವದಾನಂ ಅಣ್ಣನೂ ಬಂದ. ಅವನ ಮುಖ ಸುಣ್ಣ ಬಳಿದ ಹಾಗಾಗಿತ್ತು.

ಹೊರಗೆ ಬೇವಿನ ಮರದ ಕೆಳಗೆ ಮರದವರ ಮೇಸ್ತ್ರಿ ಚಿಕ್ಕಮುನಿಯಪ್ಪ ಆಗಲೇ ಬಂದು ನಿಂತಿದ್ದ. ಜೊತೆಯ ಆಳುಗಳಿಗೆಲ್ಲ ಕೆಳಗಿರುವುದು ಯಾರು ಅಂತ ಗೊತ್ತಿತ್ತು. ಆದರೆ ಆಫೀಸಿನಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಜೊತೆಗಾರನ ಗುಟ್ಟು ಬಿಡಬಾರದು ಅನ್ನುವುದು ಗಣಿಯ ಮರ್ಯಾದೆ.

"ಕೇಳ್ಲಾ ದೇವದಾನಂ" ಅಂದ ಮೇಸ್ತ್ರಿ ತಗ್ಗಿದ ದನಿಯಲ್ಲಿ. "ನೀನು ಈಗ್ಲೇ ಬಂಗಾರಪೇಟೆಗೆ ರೈಲು ಅತ್ತು, ಅಲ್ಲಿ ಯಾರ ಕಣ್ಣಿಗೂ ಬೀಳದಂಗಿರು. ಸಲೋಮಮ್ಮಾ, ನೀನು ಓಗಿ ಶಾಫ್ಟಿನ ತಾವ ಅತ್ಕೊಂಡು ಕೂತ್ಕೊ. ಅವ್ನು ದೇವದಾನಂ ಅಂತ್ಲೇ ಈಚೆ ಬರ್ಲಿ. ಆಸ್ಪತ್ರೆ ನಮ್ಮೋರ್ದೇ, ನಾನು ನೋಡ್ಕೊತೀನಿ. ಯಾರ ಕೆಲ್ಸಾನೂ ಓಗಲ್ಲ."

"ಈಚೆ ಬರ್ನಿಲ್ಲಾಂದ್ರೆ?" ಅಂದೆ ನಾನು.

ಸಲೋಮಕ್ಕ ಅಂದಳು: "ಇವಳ ಗಂಡನ್ನ ನನ್ ಗಂಡ ಅಂತ ಅಳಾದು ನನ್ ಕೈಲಾಗಲ್ಲ ಮೇಸ್ತ್ರಿ. ಇವಳು ಅಲ್ಲೇ ನಿಂತ್ಕೊಂಡು ನಾನು ಅಳಾದನ್ನ ನೋಡ್ಬೇಕಾ?"

"ಕೆಲ್ಸ ಓಯ್ತದೆ ಕಣಮ್ಮಾ! ಮನೆ ಓಯ್ತದೆ!"

"ಓಗ್ಲಿ. ಏಳು ಮಾತು ಕೇಳಕ್ಕೆ ಬಂದೋರು ನಾವು. ಎಂಟನೇ ಮಾತು ಸುಳ್ಳು ಆಡಾದಾ?"

ಅವಳು ಗಂಡನ ಕಡೆ ತಿರುಗಿದಳು. ದೇವದಾನಂ ಅಣ್ಣ ಶಾಫ್ಟಿನ ದಾರಿ ಹಿಡಿದ. ನಾವು ಹಿಂದೆ ಹೋದೆವು.

ಶಾಫ್ಟಿನ ಮುಂದೆ ಕ್ಯಾಪ್ಟನ್ ನಿಂತಿದ್ದರು. ಒಳಗಣಿಯ ಆಳುಗಳ ಮೇಲಧಿಕಾರಿಗೆ ಹಾಗೆ ಅನ್ನುತ್ತಿದ್ದರು. ಬಟ್ಟೆಯೆಲ್ಲ ಕೆಸರು. ದೇವದಾನಂ ಅಣ್ಣ ಎದುರಿಗೆ ಹೋಗಿ ಕೈ ಮುಗಿದ. "ಸಾಮಿ, ನಾನೇ ದೇವದಾನಂ."

ಕ್ಯಾಪ್ಟನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಗಾದ್ರೆ ಕೆಳಗಿರೋದು ಯಾರು?"

"ಅಶ್ವತ್ಥಪ್ಪ ಸಾಮಿ. ಬಿಲ್ಲೆ ನಂದು. ನಾನೇ ಕೊಟ್ಟೆ, ತಪ್ಪು ನಂದೇ. ಇಕೋ, ಇವಳು ಅವನ ಎಂಡ್ತಿ."

ಆಗ ನನಗೆ ಅಳುವ ಹಕ್ಕು ಬಂತು. ನೆಲಕ್ಕೆ ಕುಸಿದು, ಎಷ್ಟು ಹೊತ್ತಿನಿಂದ ತಡೆದಿದ್ದೆನೋ ಅಷ್ಟನ್ನೂ ಅತ್ತೆ. ಕ್ಯಾಪ್ಟನ್ ಬೈಯಲು ಬಾಯಿ ತೆರೆದವರು ನನ್ನನ್ನು ನೋಡಿ ಪಕ್ಕದ ಆಳುಗಳ ಕಡೆ ತಿರುಗಿದರು. "ಇದರ ವಿಚಾರಣೆ ಆಮೇಲೆ. ಈಯಮ್ಮನ್ನ ನೆರಳಿಗೆ ಕರ್ಕೊಂಡ್ ಹೋಗಿ."

"ಸಾಮಿ, ಬಂಡೆ ತೆಗೆಯೋರ ಜೊತೆ ನನ್ನೂ ಬಿಡಿ" ಅಂತ ಕಾಲಿಗೆ ಬಿದ್ದ ದೇವದಾನಂ ಅಣ್ಣ.

"ಬಿಲ್ಲೆ ಎಲ್ಲಿ?"

ಬಿಲ್ಲೆ ನಮ್ಮವರ ಜೇಬಿನಲ್ಲಿ ಭೂಮಿಯೊಳಗಿತ್ತು. ಬಿಲ್ಲೆ ಇಲ್ಲದವನನ್ನು ಆಳುಗಳನ್ನು ಇಳಿಸುವ ಕೇಜಿಗೆ ಹತ್ತಿಸುವ ಹಾಗಿಲ್ಲ. ಆ ಗಟ್ಟಿ ಗಂಡಸು ನಮ್ಮ ಹಾಗೆಯೇ ನೆಲದ ಮೇಲೆ ಕೂತ. ಮಾಡಲು ಅವನಿಗೆ ಏನೂ ಉಳಿದಿರಲಿಲ್ಲ.

ಆಳುಗಳಿಗೆ ದೀಪ ಕೊಡುವ ಕೋಣೆಯ ಜಗುಲಿಯಲ್ಲಿ ನಾನೂ ಸಲೋಮಕ್ಕನೂ ಒಬ್ಬರಿಗೊಬ್ಬರು ಒರಗಿ ಕೂತೆವು. ಬಂದು ಹೋಗುವ ಹೆಂಗಸರೆಲ್ಲ, "ಏನೂ ಆಗಲ್ಲ ಸುಮ್ನಿರು, ಬಂದೇ ಬತ್ತಾನೆ" ಅನ್ನುತ್ತಿದ್ದರು. ಸಲೋಮಕ್ಕ ಮಾತ್ರ ಹಾಗನ್ನಲಿಲ್ಲ. ನನಗೆ ಸಿಟ್ಟು ಬಂತು.

"ನೀನೂ ಒಂದ್ಮಾತು ಯೋಳಬಾರದಾ, ಬತ್ತಾನೆ ಅಂತ?"

"ನಂಗೆ ಗೊತ್ತಿಲ್ದೆ ಎಂಗೆ ಯೋಳ್ಲಿ ಗಂಗಿ? ಈ ಜಗುಲಿ ಮೇಲೇ ನಮ್ಮಮ್ಮ ಕೂತಿದ್ಲು, ನಾನು ಅವಳ ತೊಡೆ ಮೇಲಿದ್ದೆ. ಎಲ್ರೂ ಬತ್ತಾನೆ ಬತ್ತಾನೆ ಅಂದ್ರು. ನಮ್ಮಪ್ಪ ಬರ್ನಿಲ್ಲ."

"ಅಂಗಾದ್ರೆ ನಿನ್ ದೇವ್ರು ಆವತ್ತು ಎಲ್ಲೋಗಿದ್ದ?"

ಕೇಳಬಾರದಿತ್ತೇನೋ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮಮ್ಮನೂ ಅದನ್ನೇ ಬಾಳ ವರ್ಷ ಕೇಳಿದ್ಲು. ಕೊನೆಗಾಲಕ್ಕೆ ಒಂದಿನ ಅವಳೇ ಅಂದ್ಲು, 'ಸಲೋಮಿ, ನಿಮ್ಮಪ್ಪ ಕತ್ಲಲ್ಲಿ ಒಬ್ನೇ ಸತ್ತ ಅಂತ ಅಳ್ತಿದ್ದೆ. ಒಬ್ನೇ ಇರ್ನಿಲ್ಲ ಅಂತ ಈಗ ಗೊತ್ತಾಯ್ತು' ಅಂತ. ಎಂಗೆ ಗೊತ್ತಾಯ್ತೋ ಯೋಳ್ನಿಲ್ಲ. ಅವಳ ಮುಖ ಮಾತ್ರ ತಿಳಿಯಾಗಿತ್ತು. ನಂಗೆ ಕೂಸು ಓದಾಗ ಅದೇ ಮಾತು ಇಡ್ಕೊಂಡೆ. ದೇವ್ರು ಅವ್ನೆ ಅಂದ್ರೆ ಕಲ್ಲು ಬೀಳಲ್ಲ ಅಂತ ಅಲ್ಲ ಕಣೆ. ಬಿದ್ದಾಗ್ಲೂ ಅವ್ನೆ ಅಂತ."

"ಈಗ್ಲೂ ಕೆಳಗೆ ಅವ್ನಾ?"

"ಅವ್ನೆ."

"ಬಿಲ್ಲೆ ಇಲ್ದೆ ಎಂಗೋದ?" ಅಂದೆ. ಅಳುವಿನ ನಡುವೆ ಅದು ಹೇಗೆ ಬಾಯಿಗೆ ಬಂತೋ. ಬೆಳಿಗ್ಗೆ ನಮ್ಮವರು ಆಡಿದ ತಮಾಷೆ ಕಿವಿಯಲ್ಲೇ ಇತ್ತು.

ಸಲೋಮಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ, "ಅವನು ಬೇರೆಯೋರ ಬಿಲ್ಲೆ ಇಡ್ಕೊಂಡೇ ಇಳಿದೋನು ಗಂಗಿ. ಅದಕ್ಕೇ ಅಲ್ವಾ ನಾವು ಇವತ್ತು ಬಿಳೀ ಸೀರೆ ಉಟ್ಟಿರಾದು" ಅಂದಳು.

ಸಾಯುವ ದಿನಕ್ಕೆ ಶುಭ ಅಂತ ಯಾಕೆ ಹೆಸರಿಟ್ಟಿದ್ದಾರೆ ಇವರು ಅಂತ ನಾನು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಆವತ್ತು ಆ ಜಗುಲಿಯ ಮೇಲೆ ಯಾರೂ ಬಿಡಿಸಿ ಹೇಳದೆಯೇ ನನಗೆ ಅರ್ಧ ಅರ್ಥವಾಯಿತು. ಭಯ ಹೋಯಿತು ಅಂತಲ್ಲ. ಭಯ ಇತ್ತು. ಆದರೆ ಅದರ ಪಕ್ಕದಲ್ಲಿ ಕೂರಲು ಸ್ವಲ್ಪ ಜಾಗ ಸಿಕ್ಕ ಹಾಗಾಯಿತು.

ಹೊತ್ತು ಇಳಿದು, ಚಿನ್ನ ತೆಗೆದು ಉಳಿದ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ನೆರಳು ರಸ್ತೆ ದಾಟುತ್ತಿದ್ದಾಗ ರಾಟೆ ತಿರುಗಿತು. ಯಾರೋ "ಜೀವ ಐತೆ!" ಅಂತ ಕೂಗಿದರು. ಸಲೋಮಕ್ಕ ನನ್ನ ತೋಳು ಹಿಡಿದು ಎಬ್ಬಿಸಿದಳು. ಸ್ಟ್ರೆಚರಿನ ಮೇಲೆ ಮಸಿ ಬಳಿದ ಬೊಂಬೆಯ ಹಾಗೆ ನಮ್ಮವರು. ಎಡಗಾಲು ಜಜ್ಜಿಹೋಗಿತ್ತು. ಕಣ್ಣುಗಳು ಮಾತ್ರ ಮಿಟುಕುತ್ತಿದ್ದವು. ದೇವದಾನಂ ಅಣ್ಣ ಆ ಕೆಸರು ಕೈ ಹಿಡಿದುಕೊಂಡು ಮಗುವಿನ ಹಾಗೆ ಬಿಕ್ಕಿದ.

"ಅಳ್ಬೇಡ್ಲಾ" ಅಂದರು ನಮ್ಮವರು, ದನಿ ಇಲ್ಲದ ದನಿಯಲ್ಲಿ. "ನೀನು ಬಿಗಿದ ತೊಲೆ ನಿಂತಿತ್ತು. ಅದ್ರ ಕೆಳಗೇ ಕೂತಿದ್ದೆ."

ಸ್ಟ್ರೆಚರ್ ಹೊತ್ತವರು ನಿಯಮದ ಪ್ರಕಾರ ಬಿಲ್ಲೆ ಕೊಡಲು ಕಿಟಕಿಯ ಮುಂದೆ ನಿಂತರು. ಕಿಟಕಿಯವನು ಬಿಲ್ಲೆ ಈಸಿಕೊಂಡ. ನಂಬರ್ ನೋಡಿದ. ಆಮೇಲೆ ಕತ್ತು ಹೊರಗೆ ಹಾಕಿ, ಎಷ್ಟೋ ವರ್ಷದಲ್ಲಿ ಮೊದಲನೇ ಸಲ, ಮುಖವನ್ನೂ ನೋಡಿದ. ಅಷ್ಟು ಜನ ಅಳುತ್ತಿದ್ದವರು ಒಂದೇ ಸಲಕ್ಕೆ ನಕ್ಕುಬಿಟ್ಟೆವು.

ಆಸ್ಪತ್ರೆಯಲ್ಲಿ ಮಾತಾಡುವ ಶಕ್ತಿ ಬಂದಮೇಲೆ ನಮ್ಮವರನ್ನು ಕೇಳಿದೆ, ಕತ್ತಲಲ್ಲಿ ಏನು ಮಾಡುತ್ತಿದ್ದಿರಿ ಅಂತ. "ಎಲ್ರನ್ನೂ ಕೂಗ್ದೆ. ಗಂಗಮ್ಮನ್ನ, ಕದಿರಿ ನರಸಿಂಹಸ್ವಾಮೀನ. ಆಮ್ಯಾಕೆ ಸಲೋಮಕ್ಕನ ಸಾಮೀನೂ ಕೂಗ್ದೆ, ಬಿಲ್ಲೆ ನಂಬರ್ ಯೋಳಿದೆ" ಅಂದರು. ತಮಾಷೆ ಮಾಡಿದರೋ ನಿಜ ಹೇಳಿದರೋ ಗೊತ್ತಾಗಲಿಲ್ಲ. ಹೊದಿಕೆ ಎಳೆದುಕೊಂಡು, "ಭಯ ಆಯ್ತು ಕಣೆ. ಆದ್ರೆ ಒಂಟಿ ಅನ್ನಿಸ್ನಿಲ್ಲ. ಯಾಕೋ ಗೊತ್ತಿಲ್ಲ" ಅಂದರು. ಅದು ತಮಾಷೆ ಆಗಿರಲಿಲ್ಲ.

ಈ ಮಾತನ್ನು ಸಲೋಮಕ್ಕನಿಗೆ ಹೇಳಿದೆ. ಅವಳು ಸೆರಗು ತಲೆ ಮೇಲೆ ಎಳೆದುಕೊಂಡಳು.

ವಿಚಾರಣೆ ಆಯಿತು. ತಪ್ಪನ್ನೆಲ್ಲ ದೇವದಾನಂ ಅಣ್ಣ ತನ್ನ ಮೇಲೆ ಹಾಕಿಕೊಂಡ. ನಮ್ಮವರಿಗೆ ಕಾಲು ಕೂಡಿದಮೇಲೆ ಮೇಲುಗಣಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟರು, ಆ ಕ್ಯಾಪ್ಟನ್ನೇ ಅವರ ಪರವಾಗಿ ಹೇಳಿದರಂತೆ. ದೇವದಾನಂ ಅಣ್ಣನ ಕೆಲಸ ಹೋಯಿತು. ಮನೆಯೂ ಹೋಯಿತು.

ಸಾಮಾನು ಗಾಡಿಗೆ ಹಾಕುವ ದಿನ ನಾನು ಸಲೋಮಕ್ಕನ ಮುಂದೆ ನಿಲ್ಲಲಾಗದೆ ತಟ್ಟಿಯ ಈ ಕಡೆಯೇ ಕೂತಿದ್ದೆ. ಅವಳೇ ಬಂದಳು.

"ಯಾಕೆ ಸಪ್ಪಗಿದೀಯ? ನಂಗೆ ಒಳಗಿಂದ ಎಷ್ಟು ಅಗುರಾಗೈತೆ ಗೊತ್ತಾ! ಉಟ್ಟಿದಾಗಿಂದ ಆ ರಾಟೆ ನೋಡಿ ನೋಡಿ ಕತ್ತು ನೋಯ್ತಿತ್ತು. ಇನ್ಮೇಲೆ ನೋಡಂಗಿಲ್ಲ. ಇದನ್ನ ನಾನು ಕೇಳೇ ಇರ್ನಿಲ್ಲ ಗಂಗಿ, ಕೇಳಾಕೆ ಧೈರ್ಯಾನೂ ಇರ್ನಿಲ್ಲ. ಅವನೇ ಕೊಟ್ಟ."

ಬಂಗಾರಪೇಟೆಯಲ್ಲಿ ದೇವದಾನಂ ಅಣ್ಣ ಒಂದು ಮರದ ಮಂಡಿಯಲ್ಲಿ ಬಾಗಿಲು, ಕಿಟಕಿ ಮಾಡುವ ಕೆಲಸಕ್ಕೆ ಸೇರಿದ. ಮೊದಲ ವರ್ಷ ಕಷ್ಟವೇ ಆಯಿತು. ಸಲೋಮಕ್ಕ ಸ್ಟೇಷನ್ನಿನ ಹತ್ತಿರ ಹುರುಳಿಕಾಳು ಬೇಯಿಸಿ ಮಾರುತ್ತಿದ್ದಳು. ನಾನು ನೋಡಲು ಹೋದಾಗ ಕೈಯ ಸುಟ್ಟ ಗಾಯ ಸೆರಗಿನಲ್ಲಿ ಮುಚ್ಚಿಕೊಂಡಳು. ಆದರೆ ಗಂಡ ಕೆಲಸಕ್ಕೆ ಹೊರಟರೆ, ಹೋಗುವುದು ಎರಡು ಬೀದಿ ಆಚೆಗಾದರೂ, ಬಾಗಿಲಿಗೆ ಬಂದು ಅದೇ ಮಾತು. "ಇಲ್ಲೇನು ಬಂಡೆ ಬೀಳ್ತದಾ ಅಕ್ಕಾ?" ಅಂದೆ. "ಬಂಡೆ ಬಿದ್ರೆ ಮಾತ್ರ ಜೊತೆ ಬೇಕಾ?" ಅಂದಳು. ಮೂರು ವರ್ಷಕ್ಕೆ ಒಂದು ಹೆಣ್ಣು ಕೂಸು ಆಯಿತು. ಅದಕ್ಕೆ ಹಲ್ಲು ಬಂದವು, ನಡೆಯಿತು, ಜಗಳವನ್ನೂ ಕಲಿಯಿತು.

ನಾನು ಇವತ್ತಿಗೂ ಗಂಗಮ್ಮನಿಗೇ ಕೈ ಮುಗಿಯುವವಳು. ಆದರೆ ಆ ತಾಯಿಯನ್ನೂ ಈಗ ಜೊತೆಗೆ ಹೋಗು ಅಂತಲೇ ಕೇಳುವುದು. ತಂಬಿಟ್ಟನ್ನು ಬೆಲೆಯಾಗಿ ಅಲ್ಲ, ಸುಮ್ಮನೆ ಇಡುತ್ತೇನೆ.

ಅದಾದಮೇಲೆ ಪ್ರತಿ ಶುಭ ಶುಕ್ರವಾರ ನಾವಿಬ್ಬರೂ ರೈಲು ಹತ್ತಿ ಬಂಗಾರಪೇಟೆಗೆ ಹೋಗುವುದು ಪದ್ಧತಿಯಾಯಿತು. ನಮ್ಮವರು ಕೋಲು ಊರಿಕೊಂಡು ಚರ್ಚಿನ ಕೊನೆಯ ಸಾಲಿನಲ್ಲಿ ಕೂರುವರು, ದೇವದಾನಂ ಅಣ್ಣನ ಹಾಡು ಕೇಳುವರು. ಆರಾಧನೆ ಮುಗಿದು ಉಪವಾಸ ಬಿಡುವಾಗ ಸಲೋಮಕ್ಕ ಎಲ್ಲರಿಗೂ ಗಂಜಿ ಬಡಿಸುವಳು.

"ದೇವದಾನಂ ಪಾಲೂ ನಂಗೇ ಆಕಕ್ಕಾ" ಅನ್ನುವರು ನಮ್ಮವರು ಪ್ರತಿ ವರ್ಷ ತಪ್ಪದೆ. "ಅವನ ಬದ್ಲಿ ನಾನಲ್ವಾ?"

"ಸಾಕು ಕೂತ್ಕೊಳ್ಲಾ" ಅನ್ನುವಳು ಸಲೋಮಕ್ಕ, ಸೌಟು ಎತ್ತಿ ಹೆದರಿಸುತ್ತಾ. "ಬದ್ಲಿ ಕೆಲ್ಸ ಎಲ್ಲಾ ಮುಗೀತು. ಇಲ್ಲಿ ಅವರವರ ತಟ್ಟೆ ಅವರವರ್ಗೆ."

ಅಂದವಳೇ ಅವರ ತಟ್ಟೆಗೆ ಇನ್ನೊಂದು ಸೌಟು ಹಾಕುವಳು.